ಹೊಗೆ ಬೇಡ, ಬೆಂಕಿ ಬೇಕು



ನಮ್ಮ ಕಾಲೇಜಿನ ಸುದ್ದಿಪತ್ರದ ಹಳೆಯ ವಿದ್ಯಾರ್ಥಿಗಳ ಪುಟಕ್ಕೆ ಒಂದು ಬರಹ ಕೊಡು ಎಂದು ಅರ್ಥಶಾಸ್ತ್ರದ ಮೇಡಂ ಹೋದ ತಿಂಗಳು ಕೇಳಿದ್ದರು. ಏನು ಬರೆಯಲಿ ಎಂದಾಗ, “ನೀನು ಮಾಡಿದ ಫೆಲೋಶಿಪ್ ಬಗ್ಗೆ ಬರಿ. ಫೆಲೋಶಿಪ್ ಅಂದ್ರೆ ಸ್ಕಾಲರ್‌ಶಿಪ್ಪೇ ಅಲ್ವಾ ಮೇಡಂ ಅಂತ ಈಗಲೂ ಕ್ಲಾಸಲ್ಲಿ ಕೇಳ್ತಾರೆ” ಎಂದರು. ಆ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಸ್ಕಾಲರ್‌ಶಿಪ್ ಎಂದರೆ ನಿಮ್ಮ ಓದಿಗೆ ಸಿಗುವ ನೆರವು. ಫೆಲೋಶಿಪ್ ಎಂದರೆ ಒಂದು ವಿಷಯವನ್ನು ಹತ್ತಿರದಿಂದ ಕಲಿಯುತ್ತ, ಅದರಲ್ಲೇ ಕೆಲಸ ಮಾಡಲು ನಿಗದಿತ ಅವಧಿಗೆ ಸಿಗುವ ಅವಕಾಶ. ತಿಂಗಳಿಗೆ ಇಷ್ಟು ಎಂದು ಗೌರವಧನ ಇರುತ್ತದೆ, ಮಾರ್ಗದರ್ಶನ ಮಾಡುವವರು ಇರುತ್ತಾರೆ, ಕೊನೆಯಲ್ಲಿ ನೀವು ಒಂದು ವರದಿಯನ್ನೋ ಕೆಲಸವನ್ನೋ ಒಪ್ಪಿಸಬೇಕು. ನಮ್ಮ ದೇಶದಲ್ಲಿ ಇಂಥವು ಹಲವು ಇವೆ. ದೆಹಲಿಯ ಪಿಆರ್‌ಎಸ್ ಸಂಸ್ಥೆ 2010ರಲ್ಲಿ ಆರಂಭಿಸಿದ ಲ್ಯಾಂಪ್ ಫೆಲೋಶಿಪ್‌ನಲ್ಲಿ ಪದವಿ ಮುಗಿಸಿದ ಯುವಕ ಯುವತಿಯರು ಒಬ್ಬ ಸಂಸತ್ ಸದಸ್ಯರ ಜೊತೆ ಕೆಲಸ ಮಾಡುತ್ತಾರೆ. ಬೆಂಗಳೂರಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಫಾರ್ ಹ್ಯೂಮನ್ ಸೆಟ್ಲ್‌ಮೆಂಟ್ಸ್ ನಗರಗಳ ಬಗ್ಗೆಯೇ ಫೆಲೋಶಿಪ್ ನಡೆಸಿದೆ. ಮುಂಬೈಯಲ್ಲಿ ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ ಅವರು ಕಟ್ಟಿದ ‘ಪುಕಾರ್’ ಎಂಬ ಸಂಸ್ಥೆ ಇದೆ. ಅದರ ಯುವ ಫೆಲೋಶಿಪ್‌ನಲ್ಲಿ ಬಸ್ತಿಗಳ ಹುಡುಗ ಹುಡುಗಿಯರೇ ತಮ್ಮ ಬಸ್ತಿಯ ಸಂಶೋಧಕರು. ಸಂಶೋಧನೆ ವಿಶ್ವವಿದ್ಯಾಲಯದವರ ಸೊತ್ತಲ್ಲ, ಅದು ಪ್ರತಿಯೊಬ್ಬ ನಾಗರಿಕನ ಹಕ್ಕು ಎಂಬುದು ಅಪ್ಪಾದುರೈ ಅವರ ವಾದ.

ನಾನು ಮಾಡಿದ್ದು ಇಷ್ಟು ಹೆಸರು ಮಾಡಿದ ಫೆಲೋಶಿಪ್ ಅಲ್ಲ. ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯದು. ನಗರದ ಬಡತನ ಮತ್ತು ಸಾರ್ವಜನಿಕ ನೀತಿ ಅದರ ವಿಷಯ. ಎರಡು ತಿಂಗಳು ಬೆಂಗಳೂರಿನಲ್ಲಿ ಪಾಠ, ಹತ್ತು ತಿಂಗಳು ನಮ್ಮ ನಮ್ಮ ಊರಿನಲ್ಲಿ ಕೆಲಸ. ನಮ್ಮ ಊರು ಎಂದರೆ ನಿಮಗೆ ಗೊತ್ತೇ ಇರುವ ದಾವಣಗೆರೆ. ಅದರಲ್ಲೂ ನನ್ನದು ಮಂಡಕ್ಕಿ ಭಟ್ಟಿ ಪ್ರದೇಶ.

ಅರ್ಜಿ ಹಾಕುವಾಗ ಬಿ.ಎ. ಕೊನೆಯ ವರ್ಷದ ಪರೀಕ್ಷೆ ಮುಗಿದಿತ್ತು. ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುವ ಕೆಲಸ ಹೆಚ್ಚು ಕಡಿಮೆ ಸಿಕ್ಕಿತ್ತು. ತಮ್ಮ ಐಟಿಐಗೆ ಸೇರುವವನಿದ್ದ. ಅಬ್ಬಾ ಇಪ್ಪತ್ತೈದು ವರ್ಷದಿಂದ ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವವರು. ಆ ವರ್ಷ ಅವರ ಕೆಮ್ಮು ಜೋರಾಗಿತ್ತು. ಕೈಗೆ ಬಂದ ಕೆಲಸ ಬಿಟ್ಟು, ಒಂದು ವರ್ಷ ಮಾತ್ರ ಇರುವ, ಆಮೇಲೆ ಏನೆಂದು ಗೊತ್ತಿಲ್ಲದ ಕೆಲಸಕ್ಕೆ ಹೋಗುತ್ತೇನೆ ಎಂದರೆ ಮನೆಯಲ್ಲಿ ಯಾರು ಒಪ್ಪುತ್ತಾರೆ? ಖಾಲಾ ಬಂದು, “ಓದಿಸಿದ್ದು ಸಾಕಲ್ಲ, ಇನ್ನು ನಿಖಾದ ಮಾತು ಆಡಿ” ಎಂದು ಅಮ್ಮಿಗೆ ಹೇಳಿ ಹೋದರು. ಅಬ್ಬಾ ಎರಡು ದಿನ ಏನೂ ಹೇಳಲಿಲ್ಲ. ಮೂರನೆಯ ದಿನ ಕೇಳಿದ್ದು ಒಂದೇ ಪ್ರಶ್ನೆ: “ಈ ಕೆಲಸದಲ್ಲಿ ನೀನು ಏನು ಮಾಡ್ತೀಯಾ, ಬೇಟಿ?” ನಮ್ಮಂಥವರ ಕಷ್ಟ ಏನು, ಸರ್ಕಾರ ಏನು ಮಾಡಬೇಕು ಎಂದು ಬರೆಯುತ್ತೇನೆ ಎಂದೆ. “ಬರೀಲಿಕ್ಕೆ ದುಡ್ಡು ಕೊಡ್ತಾರಾ?” ಎಂದು ನಕ್ಕರು. ಆಮೇಲೆ, “ಒಂದು ವರ್ಷ. ಗೌರವಧನದಲ್ಲಿ ಅರ್ಧ ತಮ್ಮನ ಫೀಸಿಗೆ” ಎಂದರು. ಆ ಒಪ್ಪಂದದ ಮೇಲೆ ನಾನು ಬೆಂಗಳೂರಿನ ರೈಲು ಹತ್ತಿದೆ.

ಅಲ್ಲಿಗೆ ಬಂದಿದ್ದವರಲ್ಲಿ ದೊಡ್ಡ ಕಾಲೇಜುಗಳ ಎಂಜಿನಿಯರುಗಳಿದ್ದರು, ಕಾನೂನು ಓದಿದವರಿದ್ದರು. ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲಿ. ನಮ್ಮ ಕಾಲೇಜಿನ ಎಷ್ಟೋ ಮಕ್ಕಳಿಗೆ ಇರುವ ಭಯ ನನಗೂ ಇತ್ತು. ಆದರೆ ಎರಡನೆಯ ವಾರ ಬಡತನ ರೇಖೆಯ ಪಾಠ ಬಂತು. ಅವತ್ತಿನಿಂದ ಭಾಷೆಯ ಭಯ ಹೋಯಿತು. ಕಾರಣ ಹೇಳುತ್ತೇನೆ.

ನಮ್ಮ ದೇಶದಲ್ಲಿ ಯಾರು ಬಡವರು ಎಂದು ಲೆಕ್ಕ ಹಾಕಲು 1979ರಲ್ಲಿ ಯೋಜನಾ ಆಯೋಗದ ಒಂದು ತಂಡ ಆಹಾರದ ಕ್ಯಾಲೊರಿಯನ್ನು ಆಧಾರವಾಗಿ ಇಟ್ಟುಕೊಂಡಿತು. ಒಬ್ಬ ಮನುಷ್ಯನಿಗೆ ದಿನಕ್ಕೆ ಹಳ್ಳಿಯಲ್ಲಿ 2,400 ಕ್ಯಾಲೊರಿ, ನಗರದಲ್ಲಿ 2,100. ಅಷ್ಟು ಆಹಾರ ಸಿಗುವ ಮಟ್ಟದ ಖರ್ಚು ಮಾಡಲಾಗದವರು ಬಡವರು. ನಗರಕ್ಕೆ 300 ಕ್ಯಾಲೊರಿ ಕಡಿಮೆ ಏಕೆ? ಹಳ್ಳಿಯವರದು ಮೈಮುರಿದು ಮಾಡುವ ದುಡಿಮೆ, ನಗರದವರ ಕೆಲಸ ಅದಕ್ಕಿಂತ ಹಗುರ ಎಂಬ ಅಂದಾಜು. ಇದನ್ನು ಪರದೆಯ ಮೇಲೆ ತೋರಿಸಿದಾಗ ಉಳಿದವರು ಬರೆದುಕೊಂಡರು. ನಾನು ಕೈ ಎತ್ತಿದೆ. ನನಗೆ ಬಂದಷ್ಟು ಇಂಗ್ಲಿಷ್, ಉಳಿದದ್ದು ಕನ್ನಡದಲ್ಲಿ ಅಬ್ಬಾನ ದಿನಚರಿ ಹೇಳಿದೆ.

ಭತ್ತ ನೆನೆಸಿ, ಬೇಯಿಸಿ, ಬಿಸಿಲಿಗೆ ಹರವಿ ಒಣಗಿಸಬೇಕು. ಮಿಲ್ಲಿನಲ್ಲಿ ಅಕ್ಕಿ ಮಾಡಿಸಿ ಉಪ್ಪುನೀರು ಹಿಡಿಸಬೇಕು. ಆಮೇಲೆ ಕಾದ ಮರಳಿನಲ್ಲಿ ಹುರಿಯಬೇಕು. ಒಲೆಯ ಬಾಯಿ ಆರಬಾರದು, ಮರಳು ತಣ್ಣಗಾಗಬಾರದು, ಕೈ ನಿಲ್ಲಬಾರದು. ಫಜರ್‌ಗಿಂತ ಮುಂಚೆ ಎದ್ದು ಹೋದವರು ಬೆಂಕಿಯ ಮುಂದೆ ನಿಂತರೆ ಮಧ್ಯಾಹ್ನದವರೆಗೆ ಅಲ್ಲೇ. ಆಮೇಲೆ ಚೀಲ ತುಂಬಿ ಹೊರಬೇಕು. ದಾವಣಗೆರೆ ಮಹಾನಗರ ಪಾಲಿಕೆಯ ಒಳಗಿರುವ ಕಾರಣಕ್ಕೆ ಈ ಕೆಲಸ ಹಗುರವಾಗುತ್ತದೆಯೇ ಎಂದು ಕೇಳಿದೆ. ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಪಾಠ ಮಾಡುತ್ತಿದ್ದ ಸರ್, “ಈ ಪ್ರಶ್ನೆಯನ್ನು ಇಟ್ಟುಕೊಂಡೇ ಊರಿಗೆ ಹೋಗಿ” ಎಂದರು.

ಲೆಕ್ಕದ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸುರೇಶ್ ತೆಂಡೂಲ್ಕರ್ ಸಮಿತಿ 2009ರಲ್ಲಿ ಕ್ಯಾಲೊರಿಯ ಹಿಡಿತ ಬಿಟ್ಟು, ಶಿಕ್ಷಣ ಮತ್ತು ಆರೋಗ್ಯದ ಖರ್ಚನ್ನೂ ಸೇರಿಸಿ ಬೇರೆ ವಿಧಾನ ಹೇಳಿತು. 2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ, ನಗರದಲ್ಲಿ ದಿನಕ್ಕೆ 32 ರೂಪಾಯಿ ಖರ್ಚು ಮಾಡುವವನು ಬಡತನ ರೇಖೆಯ ಮೇಲಿದ್ದಾನೆ ಎಂಬ ಅರ್ಥದ ಲೆಕ್ಕ ಕೊಟ್ಟಾಗ ದೇಶದಲ್ಲೆಲ್ಲ ಗಲಾಟೆಯಾಯಿತು. 2011-12ಕ್ಕೆ ದೇಶದ ನಗರಗಳ ರೇಖೆ ತಲೆಗೆ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾಯಿತು. ಸಿ. ರಂಗರಾಜನ್ ಸಮಿತಿ 2014ರಲ್ಲಿ ಅದು 1,407 ರೂಪಾಯಿ ಆಗಬೇಕು ಎಂದಿತು.

ಆ ರಾತ್ರಿ ಹಾಸ್ಟೆಲಿನಲ್ಲಿ ಕೂತು ನಮ್ಮ ಮನೆಯ ಲೆಕ್ಕ ಹಾಕಿದೆ. 2011-12ರಲ್ಲಿ ನಾವು ಐದು ಜನ. ತಲೆಗೆ ಸಾವಿರದಂತೆ ತಿಂಗಳಿಗೆ ಐದು ಸಾವಿರ ರೂಪಾಯಿ. ಅಬ್ಬಾನ ಕೂಲಿ ಕೈತುಂಬ ಕೆಲಸವಿದ್ದ ತಿಂಗಳಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚಿತ್ತು. ಅಂದರೆ ಆ ತಿಂಗಳು ನಾವು ಬಡವರಲ್ಲ. ಮಳೆ ಹಿಡಿದರೆ ಭತ್ತ ಒಣಗುವುದಿಲ್ಲ. ಭತ್ತ ಒಣಗದಿದ್ದರೆ ಭಟ್ಟಿಗೆ ಕೆಲಸವಿಲ್ಲ. ಆಷಾಢದ ಮಳೆಯಲ್ಲಿ ಅಮ್ಮಿ ಕಿರಾಣಿ ಅಂಗಡಿಯಲ್ಲಿ ಬರೆಸಿದ ಸಾಲ ದೀಪಾವಳಿ ಕಳೆದ ಮೇಲೆ ತೀರುತ್ತಿತ್ತು. ಒಂದೇ ಮನೆ ಒಂದೇ ವರ್ಷದಲ್ಲಿ ರೇಖೆಯ ಮೇಲೆ ಹತ್ತಿ ಕೆಳಗೆ ಇಳಿಯುತ್ತಿತ್ತು. ಸಮೀಕ್ಷೆಯವರು ಯಾವ ತಿಂಗಳು ಬಂದರು ಎಂಬುದರ ಮೇಲೆ ನಮ್ಮ ಉತ್ತರ. ನನ್ನ ಅಧ್ಯಯನದ ವಿಷಯ ನನಗೆ ಅಲ್ಲೇ ಸಿಕ್ಕಿತು: ಭಟ್ಟಿಯ ಸುತ್ತಲಿನ ಮನೆಗಳಲ್ಲಿ ಯಾರು, ಯಾವಾಗ, ಏನು ದುಡಿಯುತ್ತಾರೆ, ಅದರಲ್ಲಿ ಎಷ್ಟು ಸರ್ಕಾರದ ಕಾಗದದಲ್ಲಿ ಕಾಣುತ್ತದೆ?

ಮುಂಬೈಯ ಒಂದು ಸಂಗತಿಯನ್ನೂ ಅಲ್ಲೇ ಓದಿದೆವು. 1985ರಲ್ಲಿ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತು. ಆದರೂ ನೋಟಿಸ್ ಕೊಟ್ಟು ಫುಟ್‌ಪಾತ್ ತೆರವು ಮಾಡಬಹುದು ಎಂದೂ ಹೇಳಿತು. ಆಗ ಸ್ಪಾರ್ಕ್ ಎಂಬ ಸಂಸ್ಥೆ ಮತ್ತು ಫುಟ್‌ಪಾತಿನ ಹೆಂಗಸರು ಸೇರಿ ತಮ್ಮನ್ನು ತಾವೇ ಎಣಿಸಿಕೊಂಡರು. ಆರು ಸಾವಿರಕ್ಕೂ ಹೆಚ್ಚು ಮನೆಗಳ ಲೆಕ್ಕ ಅದು. ಎಲ್ಲಿಂದ ಬಂದರು, ಏನು ಕೆಲಸ, ಎಷ್ಟು ವರ್ಷದಿಂದ ಇದ್ದಾರೆ, ಎಲ್ಲವೂ. ‘ನಾವು, ಕಣ್ಣಿಗೆ ಕಾಣದವರು’ ಎಂಬ ಅರ್ಥದ ಹೆಸರಿನಲ್ಲಿ ಆ ವರದಿ ಬಂತು. ಅಧಿಕಾರಿಗಳ ಜೊತೆ ಮಾತಿಗೆ ಕೂರುವಾಗ ಅವರ ಕೈಯಲ್ಲಿ ಒಂದು ಲೆಕ್ಕ ಇತ್ತು. ಲೆಕ್ಕ ಇಲ್ಲದವರ ಕಷ್ಟ ಬರೀ ಗೋಳು ಎನಿಸಿಕೊಳ್ಳುತ್ತದೆ. ಇದು ಆ ಎರಡು ತಿಂಗಳಲ್ಲಿ ನಾನು ಕಲಿತ ದೊಡ್ಡ ಪಾಠ.

ಊರಿಗೆ ಬಂದು ನಮ್ಮ ಗಲ್ಲಿ ಮತ್ತು ಪಕ್ಕದ ಎರಡು ಗಲ್ಲಿಗಳ ಮನೆ ಮನೆಗೆ ಹೋಗತೊಡಗಿದೆ. ಗೊತ್ತಿದ್ದ ಜನವೇ. ಆದರೂ ಕೈಯಲ್ಲಿ ಫಾರಂ ಹಿಡಿದರೆ ಮುಖ ಬದಲಾಗುತ್ತದೆ. ಒಬ್ಬ ಖಾಲಾ ಬಾಗಿಲಲ್ಲೇ ನಿಲ್ಲಿಸಿ ಹೇಳಿದರು: “ಬರ್ಕೊಂಡು ಹೋದವರು ಬಹಳ ಮಂದಿ. ಬರೆದದ್ದನ್ನು ವಾಪಸ್ ತಂದು ತೋರಿಸಿದವರು ಒಬ್ಬರೂ ಇಲ್ಲ.” ನಾನು ತೋರಿಸುತ್ತೇನೆ ಎಂದು ಮಾತು ಕೊಟ್ಟೆ. ಆ ಮಾತು ಮುಂದೆ ನನ್ನನ್ನು ಎಂಥ ಇಕ್ಕಟ್ಟಿಗೆ ತಂದಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲ ಹದಿನೈದು ದಿನದಲ್ಲೇ ಒಂದು ವಿಚಿತ್ರ ಗಮನಕ್ಕೆ ಬಂತು. ಫಾರಂನಲ್ಲಿ ‘ಉದ್ಯೋಗ’ ಎಂಬ ಕಾಲಂ ಇತ್ತು. ಹೆಂಗಸರನ್ನು ಕೇಳಿದರೆ ಬಹುತೇಕ ಎಲ್ಲರದೂ ಒಂದೇ ಉತ್ತರ: “ಏನೂ ಇಲ್ಲ, ಮನೆಯಲ್ಲೇ ಇರ್ತೀನಿ.” ನನ್ನ ಅಮ್ಮಿಯೂ ಅದನ್ನೇ ಹೇಳಿದರು. ಹಾಗೆ ಹೇಳುವಾಗ ಅವರ ತೊಡೆಯ ಮೇಲೆ ಮೊರ ಇತ್ತು. ಮೊರದಲ್ಲಿ ಎಲೆ, ತಂಬಾಕು, ದಾರ. ಕೈ ಬೀಡಿ ಸುತ್ತುತ್ತಲೇ ಇತ್ತು. ಅದಕ್ಕೇ ಪ್ರಶ್ನೆ ಬದಲಾಯಿಸಿದೆ. “ನಿಮ್ಮ ಕೆಲಸ ಏನು?” ಎನ್ನುವುದನ್ನು ಬಿಟ್ಟು, “ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ?” ಎಂದು ಕೇಳಿದೆ. ಆಗ ಒಂದೊಂದೇ ಹೊರಬಂತು. ಒಬ್ಬರು ಮಂಡಕ್ಕಿ ಜರಡಿ ಹಿಡಿದು ಪ್ಯಾಕೆಟ್ ಕಟ್ಟುತ್ತಾರೆ. ಒಬ್ಬರು ಸೀರೆಗೆ ಫಾಲ್ ಹೊಲಿಯುತ್ತಾರೆ. ಒಬ್ಬರು ಮೂರು ಮನೆಯ ಪಾತ್ರೆ ತೊಳೆದು ಬಂದು ರೊಟ್ಟಿ ಬಡಿದು ಮಾರುತ್ತಾರೆ. ಜನಗಣತಿಯಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ದುಡಿಮೆಗಾರರು, ಅದಕ್ಕಿಂತ ಕಡಿಮೆ ದುಡಿದವರು ಅಲ್ಪಕಾಲಿಕರು, ಉಳಿದವರು ದುಡಿಯದವರು. ‘ಏನೂ ಇಲ್ಲ’ ಎಂಬ ಒಂದು ಉತ್ತರಕ್ಕೆ ವರ್ಷಪೂರ್ತಿ ದುಡಿದ ಹೆಂಗಸು ಕೊನೆಯ ಗುಂಪಿಗೆ ಬೀಳುತ್ತಾಳೆ.

ಇದು ಬರೀ ಲೆಕ್ಕದ ವಿಷಯ ಅಲ್ಲ. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆಂದು 1976ರಲ್ಲಿ ಕೇಂದ್ರದ ಕಾಯ್ದೆ ಬಂತು. ಅದರಡಿ ಚಿಕಿತ್ಸೆಗೆ, ಮನೆಗೆ, ಮಕ್ಕಳ ವಿದ್ಯಾರ್ಥಿವೇತನಕ್ಕೆ ಯೋಜನೆಗಳು ಶುರುವಾದವು. ಪಿಯುಸಿ ಮಕ್ಕಳಿಗೂ ವಿದ್ಯಾರ್ಥಿವೇತನ ಉಂಟು. ಆದರೆ ಅದಕ್ಕೆ ಬೀಡಿ ಕಾರ್ಮಿಕರ ಗುರುತಿನ ಚೀಟಿ ಬೇಕು. ನಾನು ಹೋದ ಕೆಲವು ಮನೆಗಳಲ್ಲಿ ಒಬ್ಬರ ಪಾಸ್‌ಬುಕ್ಕಿನಲ್ಲಿ ಮೂವರು ಸುತ್ತಿದ ಬೀಡಿ ದಾಖಲಾಗುತ್ತಿತ್ತು. ಕಾಗದದ ಪ್ರಕಾರ ಮೂವರಲ್ಲಿ ಒಬ್ಬರಷ್ಟೇ ಕಾರ್ಮಿಕರು. ಉಳಿದ ಇಬ್ಬರ ಮಕ್ಕಳಿಗೆ ವಿದ್ಯಾರ್ಥಿವೇತನ ಇಲ್ಲ. ನಾನು ಇದೇ ಕಾಲೇಜಿನಲ್ಲಿ ಓದುವಾಗ ಆ ಅರ್ಜಿ ಯಾಕೆ ಹಾಕಲಾಗಲಿಲ್ಲ ಎಂಬುದಕ್ಕೆ ಉತ್ತರ ನನಗೆ ಆಗ ಸಿಕ್ಕಿತು. ಅಮ್ಮಿಯ ಬೀಡಿಯೂ ಬೇರೆಯವರ ಪಾಸ್‌ಬುಕ್ಕಿನಲ್ಲಿತ್ತು.

ಇನ್ನು ಇಕ್ಕಟ್ಟಿನ ವಿಷಯ. ಮನೆ ಮನೆಯಲ್ಲೂ ಆರೋಗ್ಯದ ಪ್ರಶ್ನೆ ಕೇಳುವಾಗ ಕೆಮ್ಮು, ಉಬ್ಬಸ, ಕಣ್ಣುರಿ ಎಂಬ ಉತ್ತರ ಮತ್ತೆ ಮತ್ತೆ ಬಂತು. ಭಟ್ಟಿಯಲ್ಲಿ ಹುರಿಯುವವರಿಗೆ ಮಾತ್ರವಲ್ಲ, ಪಕ್ಕದ ಮನೆಗಳ ಮಕ್ಕಳಿಗೂ. ಹೊಗೆಯ ಬಗ್ಗೆ ಬರೆಯಲೇಬೇಕು. ಆದರೆ ಬರೆದರೆ ಏನಾಗಬಹುದು? ಹೊಗೆ ಎಂದ ಕೂಡಲೇ ಕಚೇರಿಗಳಿಗೆ ಮೊದಲು ಹೊಳೆಯುವ ಪರಿಹಾರ ಭಟ್ಟಿ ಮುಚ್ಚಿಸುವುದು, ಇಲ್ಲವೇ ಊರಾಚೆ ಎತ್ತಿ ಹಾಕುವುದು. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲಿ ದಾವಣಗೆರೆಯ ಹೆಸರು ಬಂದಾಗಿನಿಂದ, ನಮ್ಮನ್ನು ಇಲ್ಲಿಂದ ಎಬ್ಬಿಸುತ್ತಾರಂತೆ ಎಂಬ ಮಾತು ಗಲ್ಲಿಯಲ್ಲಿ ಆಗಾಗ ಹುಟ್ಟಿ ಸಾಯುತ್ತಿತ್ತು. ನನ್ನ ವರದಿಯನ್ನೇ ಹಿಡಿದು ಯಾರಾದರೂ ಭಟ್ಟಿಗೆ ಬೀಗ ಹಾಕಿದರೆ? ನಮ್ಮ ಮನೆಯ ಒಲೆಯೂ ಅದರ ಜೊತೆಗೇ ಆರುತ್ತದೆ. ಬರೆಯದೆ ಬಿಟ್ಟರೆ ಅಬ್ಬಾನ ಕೆಮ್ಮಿಗೆ ನಾನೇ ಪರದೆ ಎಳೆದಂತೆ.

ಅದೇ ಸಮಯಕ್ಕೆ ಡಾಕ್ಟರು ಅಬ್ಬಾನಿಗೆ ಬೆಂಕಿಯ ಮುಂದೆ ನಿಲ್ಲಬೇಡಿ ಎಂದರು. ಎರಡು ತಿಂಗಳು ಅವರು ಮನೆಯಲ್ಲಿ ಕೂತರು. ನನ್ನ ಗೌರವಧನ ಪೂರ್ತಿ ಮನೆಗೆ ಹೋಯಿತು. ಶಾಲೆಯ ಕೆಲಸ ಇನ್ನೂ ಖಾಲಿ ಇದೆಯಂತೆ ಎಂದು ಖಾಲಾ ಮತ್ತೆ ಬಂದು ಹೇಳಿದರು. ಬಿಟ್ಟುಬಿಡಲೇ ಎಂದು ಅಬ್ಬಾನನ್ನೇ ಕೇಳಿದೆ. “ಬಾಗಿಲಿಗೆ ಹೋಗಿ ಮಾತು ಕೊಟ್ಟಿದ್ದೀಯ. ತೋರಿಸು, ಆಮೇಲೆ ಬಿಡು” ಎಂದರು.

ಹಾಗಾಗಿ ವರದಿ ಬರೆಯುವುದಕ್ಕೆ ಮುಂಚೆಯೇ ಗಲ್ಲಿಯವರನ್ನು ಸೇರಿಸಿದೆ. ಒಂದು ಭಾನುವಾರ, ಅಸರ್ ನಮಾಜಿನ ನಂತರ, ಉರ್ದು ಶಾಲೆಯ ಅಂಗಳದಲ್ಲಿ. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಒಂದಿಬ್ಬರು ಭಟ್ಟಿ ಮಾಲೀಕರೂ ಬಂದರು. ಅವರೂ ದೊಡ್ಡ ಶ್ರೀಮಂತರಲ್ಲ, ತಾವೇ ಬೆಂಕಿಯ ಮುಂದೆ ನಿಂತು ಬೆಳೆದವರು. ನಾನು ಕಂಡದ್ದನ್ನೆಲ್ಲ ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ ಓದಿ ಹೇಳಿದೆ. ಹೊಗೆಯ ವಿಷಯಕ್ಕೆ ಬಂದಾಗ ಗದ್ದಲವಾಯಿತು. “ಇದನ್ನು ತೆಗಿ” ಎಂದರು ಕೆಲವರು. “ತೆಗೆದರೆ ನನ್ನ ಮಗುವಿನ ಉಬ್ಬಸ ಹೋಗ್ತದಾ?” ಎಂದು ಒಬ್ಬ ತಾಯಿ ಎದ್ದು ನಿಂತರು. ಮಾಲೀಕರೊಬ್ಬರು, “ಒಳ್ಳೆ ಒಲೆ, ಎತ್ತರದ ಚಿಮಣಿ ನಮಗೂ ಬೇಕು. ಕಟ್ಟಿಸೋಕೆ ಸಾಲ ಯಾರು ಕೊಡ್ತಾರೆ?” ಎಂದರು. ಅದುವರೆಗೆ ಹಿಂದೆ ಕೂತಿದ್ದ ಅಬ್ಬಾ ಆಗ ನಮ್ಮ ಮನೆಮಾತಿನಲ್ಲಿ ಹೇಳಿದ್ದು ನಾಲ್ಕೇ ಶಬ್ದ: “ಧುವಾ ನಕ್ಕೊ, ಆಗ್ ಹೋನಾ.” ಹೊಗೆ ಬೇಡ, ಬೆಂಕಿ ಬೇಕು.

ಸಾರ್ವಜನಿಕ ನೀತಿ ಎಂದರೆ ಏನು ಎಂದು ನನ್ನನ್ನು ಯಾರಾದರೂ ಕೇಳಿದರೆ ಈ ಮಾತನ್ನೇ ಹೇಳುತ್ತೇನೆ. ಮುಚ್ಚಬೇಕು ಅಥವಾ ಹಾಗೇ ಬಿಡಬೇಕು ಎಂಬ ಎರಡೇ ದಾರಿ ಇದೆ ಎಂದುಕೊಂಡು ನಾನು ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದೆ. ಮೂರನೆಯ ದಾರಿಯನ್ನು ಅಲ್ಲಿ ಕೂತಿದ್ದ ಜನ ಒಂದು ಸಂಜೆಯಲ್ಲಿ ಹುಡುಕಿದರು. ವರದಿಯಲ್ಲಿ ಹೊಗೆಯ ವಿಷಯ ಉಳಿಯಿತು. ಅದರ ಕೆಳಗೆ ಮೂರು ಬೇಡಿಕೆ ಸೇರಿತು. ಒಂದು, ಒಲೆ ಮತ್ತು ಚಿಮಣಿ ಸುಧಾರಿಸಲು ಸಹಾಯಧನ ಅಥವಾ ಕಡಿಮೆ ಬಡ್ಡಿಯ ಸಾಲ. ಎರಡು, ಹುರಿಯುವವರಿಗೂ ಸುತ್ತಲಿನ ಮಕ್ಕಳಿಗೂ ವರ್ಷಕ್ಕೊಮ್ಮೆ ಶ್ವಾಸಕೋಶದ ತಪಾಸಣೆ. ಮೂರು, ಸ್ಥಳಾಂತರದ ಮಾತು ಬಂದರೆ ಮನೆ ಮತ್ತು ಕೆಲಸ ಎರಡನ್ನೂ ಜೊತೆಯಲ್ಲಿ ಇಟ್ಟು ಯೋಚಿಸುವುದು. ಭಟ್ಟಿ ಒಂದು ಕಡೆ, ಮನೆ ಐದಾರು ಮೈಲಿ ದೂರ ಆದರೆ ಫಜರ್‌ಗೆ ಮುಂಚೆ ಯಾವ ಬಸ್ ಬರುತ್ತದೆ? ಜರಡಿ ಹಿಡಿಯುವ ಹೆಂಗಸರು ಮಕ್ಕಳನ್ನು ಎಲ್ಲಿ ಬಿಡಬೇಕು?

ವರದಿಯನ್ನು ಕಚೇರಿಗಳಿಗೆ ಒಯ್ದಾಗ ಹೂವಿನ ಸ್ವಾಗತವೇನೂ ಸಿಗಲಿಲ್ಲ. ಒಂದು ಕಡೆ, “ಇದು ನಮ್ಮ ವಿಭಾಗಕ್ಕೆ ಬರುವುದಿಲ್ಲ” ಎಂದರು. ಅಲ್ಲಿ ಓದು ಕೈಹಿಡಿಯಿತು. ಸಂವಿಧಾನದ 74ನೇ ತಿದ್ದುಪಡಿ 1993ರಿಂದ ಜಾರಿಯಲ್ಲಿದೆ. ಅದರ ಹನ್ನೆರಡನೇ ಅನುಸೂಚಿಯಲ್ಲಿ ನಗರಸಭೆ ಮತ್ತು ಪಾಲಿಕೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಕೊಳೆಗೇರಿಗಳ ಸುಧಾರಣೆ ಅದರಲ್ಲಿದೆ, ನಗರದ ಬಡತನ ನಿವಾರಣೆಯೂ ಇದೆ. ಅದನ್ನು ಮುದ್ರಿಸಿಕೊಂಡು ಹೋಗಿದ್ದೆ. ವಿನಯದಿಂದ ಮೇಜಿನ ಮೇಲಿಟ್ಟೆ. ಕುರ್ಚಿ ಕೊಟ್ಟು ಕೂರಿಸಿದರು.

ಏನಾಯಿತು ಎಂದು ನೀವು ಕೇಳಬಹುದು. ಉತ್ಪ್ರೇಕ್ಷೆ ಮಾಡದೆ ಹೇಳುತ್ತೇನೆ. ಒಂದು ಆರೋಗ್ಯ ತಪಾಸಣೆ ಶಿಬಿರ ನಡೆಯಿತು. ಪಾಸ್‌ಬುಕ್ ಇಲ್ಲದೆ ಬೀಡಿ ಸುತ್ತುತ್ತಿದ್ದ ಕೆಲವು ಹೆಂಗಸರು ಒಟ್ಟಾಗಿ ಹೋಗಿ ತಮ್ಮ ಹೆಸರು ಬರೆಸಿದರು. ಅದರಲ್ಲಿ ಅಮ್ಮಿಯೂ ಒಬ್ಬರು. ತಮ್ಮ ಹೆಸರಿನ ಗುರುತಿನ ಚೀಟಿ ಕೈಗೆ ಬಂದ ದಿನ ಅಮ್ಮಿ ಅದನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಟ್ರಂಕಿಗೆ ಸೇರಿಸಿದರು. ಈಗ ಯಾರಾದರೂ ಕೆಲಸ ಏನು ಎಂದು ಕೇಳಿದರೆ ‘ಬೀಡಿ ಕಟ್ತೀನಿ’ ಎನ್ನುತ್ತಾರೆ. ಒಲೆ, ಚಿಮಣಿಯ ಅರ್ಜಿ ಇನ್ನೂ ಕಚೇರಿಯಲ್ಲೇ ಇದೆ. ಹೊಗೆ ಇದೆ. ಅಬ್ಬಾ ಹುರಿಯುವುದನ್ನು ಬಿಟ್ಟು ಪ್ಯಾಕೆಟ್ ಕಟ್ಟುವ ಕಡೆಗೆ ಬಂದಿದ್ದಾರೆ. ಕೂಲಿ ಕಡಿಮೆ, ಕೆಮ್ಮೂ ಕಡಿಮೆ.

ವರದಿಯ ಕನ್ನಡ ಪ್ರತಿ ಮತ್ತು ಉರ್ದು ಸಾರಾಂಶವನ್ನು, ಬಾಗಿಲಲ್ಲಿ ನಿಲ್ಲಿಸಿದ ಖಾಲಾನ ಮನೆಗೆ ಮೊದಲು ಒಯ್ದೆ. ಅವರಿಗೆ ಓದಲು ಬರುವುದಿಲ್ಲ. ಅವರ ಮೊಮ್ಮಗಳು ಓದಿ ಹೇಳಿದಳು. ಆ ಹುಡುಗಿ ಈ ವರ್ಷ ನಮ್ಮ ಕಾಲೇಜಿನಲ್ಲೇ ಪ್ರಥಮ ಪಿಯುಸಿ ಕಲಾ ವಿಭಾಗಕ್ಕೆ ಸೇರಿದ್ದಾಳೆ. ಈ ಪುಟವನ್ನು ಅವಳೂ ಓದುತ್ತಿರಬಹುದು.

ಕಲಾ ವಿಭಾಗ ತೆಗೆದುಕೊಂಡರೆ ಭವಿಷ್ಯ ಇಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಯಾರಾದರೂ ಹೇಳಿರುತ್ತಾರೆ. ನನಗೂ ಹೇಳಿದ್ದರು. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಪರೀಕ್ಷೆಯ ವಿಷಯಗಳು ಮಾತ್ರ ಅಲ್ಲ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ 2013ರ ಪ್ರಕಾರ ಹಳ್ಳಿಗಳ ಶೇ 75 ಜನಕ್ಕೆ, ನಗರಗಳ ಶೇ 50 ಜನಕ್ಕೆ ರೇಷನ್ ಎಂದು ಪುಸ್ತಕದಲ್ಲಿ ಓದಿದಾಗ ಅದು ಎರಡು ಅಂಕದ ಪ್ರಶ್ನೆ. ನಿಮ್ಮ ಗಲ್ಲಿಯಲ್ಲಿ ಯಾರ ಮನೆಗೆ ಕಾರ್ಡ್ ಬಂತು, ಯಾರ ಮನೆಗೆ ಬರಲಿಲ್ಲ ಎಂದು ಯೋಚಿಸಿದಾಗ ಅದು ನಿಮ್ಮ ಪ್ರಶ್ನೆ. ಹಳ್ಳಿಯಲ್ಲಿ ಕೆಲಸ ಕೇಳಿ ಪಡೆಯಲು ಉದ್ಯೋಗ ಖಾತ್ರಿ ಕಾಯ್ದೆ ಬಂತು. ನಗರದ ಕೂಲಿಕಾರರಿಗೆ ಅಂಥ ರಾಷ್ಟ್ರೀಯ ಕಾಯ್ದೆ ಬರಲಿಲ್ಲ. ಕೇರಳ 2010ರಲ್ಲೇ ಅಯ್ಯಂಕಾಳಿ ಹೆಸರಿನಲ್ಲಿ ನಗರ ಉದ್ಯೋಗ ಖಾತ್ರಿ ಯೋಜನೆ ತಂದಿತು. ರಾಜಸ್ಥಾನ 2022ರಲ್ಲಿ ತಂದಿತು. ಮಳೆಗಾಲದಲ್ಲಿ ಭಟ್ಟಿ ನಿಂತಾಗ ನಮ್ಮ ಊರಿಗೂ ಅದು ಬೇಕಲ್ಲವೇ? ಈ ವಿಷಯದ ಮೇಲೆ ಚರ್ಚಾಸ್ಪರ್ಧೆ ಇಡಿ. ಪರ ವಿರೋಧ ಎರಡೂ ಮಾತಾಡಿ.

ಫೆಲೋಶಿಪ್‌ಗೆ ಪದವಿ ಮುಗಿಯಬೇಕು, ನಿಜ. ಆದರೆ ತಯಾರಿ ಈಗಲೇ ಮಾಡಬಹುದು. ನಿಮ್ಮ ವಾರ್ಡಿನ ಸಂಖ್ಯೆ ಏನು ಎಂದು ತಿಳಿದುಕೊಳ್ಳಿ. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು ಶೇ 24.10ರಷ್ಟು ಹಣವನ್ನು ಪರಿಶಿಷ್ಟರಿಗೆ, ಶೇ 7.25ರಷ್ಟನ್ನು ಇತರ ಬಡವರಿಗೆ, ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡುವ ವ್ಯವಸ್ಥೆ ಇದೆ. ಅದರಲ್ಲಿ ವಿದ್ಯಾರ್ಥಿಗಳಿಗೆ ಯಾವ ನೆರವು ಇದೆ, ಅರ್ಜಿ ಯಾವಾಗ ಕರೆಯುತ್ತಾರೆ ಎಂದು ಹೋಗಿ ವಿಚಾರಿಸಿ. ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಮನೆಯಲ್ಲಿ ಬೀಡಿ ಕಟ್ಟುವವರಿದ್ದರೆ ಗುರುತಿನ ಚೀಟಿ ಇದೆಯೇ ನೋಡಿ. ಇದ್ದರೆ ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನಾಂಕವನ್ನು ಕಾಲೇಜಿನ ಕಚೇರಿಯಲ್ಲಿ ಕೇಳಿ. ಇಂಗ್ಲಿಷ್ ಕಲಿಯಿರಿ, ಅದು ಬೇಕು. ಆದರೆ ಅದು ಬರುವವರೆಗೆ ಬಾಯಿ ಮುಚ್ಚಿ ಕೂರಬೇಡಿ.

ಉಪನ್ಯಾಸಕರಲ್ಲಿ ಒಂದು ವಿನಂತಿ. ವರ್ಷಕ್ಕೆ ಒಂದು ಸಲ ಮಕ್ಕಳಿಗೆ ತಮ್ಮ ಗಲ್ಲಿಯ ಹತ್ತು ಮನೆಗಳ ದುಡಿಮೆಯ ಲೆಕ್ಕ ಬರೆಯಲು ಹೇಳಿ. ಯೋಜನಾ ಕಾರ್ಯ ಎಂದು ಅಂಗಡಿಯಿಂದ ಚಿತ್ರ ತಂದು ಅಂಟಿಸುವುದಕ್ಕಿಂತ ಅದರಿಂದ ಹೆಚ್ಚು ಕಲಿಯುತ್ತಾರೆ. ಬರೆದದ್ದನ್ನು ಆ ಮನೆಗಳಿಗೆ ವಾಪಸ್ ಒಯ್ದು ತೋರಿಸಲೂ ಹೇಳಿ.

ನಾನು ಈಗ ಎಂ.ಎ. ಮಾಡುತ್ತ, ಸಂಜೆ ಹೊತ್ತು ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದೇನೆ. ಅಬ್ಬಾಗೆ ಕೊಟ್ಟ ಒಂದು ವರ್ಷದ ಮಾತು ಮುಗಿದಿದೆ. ಗಲ್ಲಿಗೆ ಕೊಟ್ಟ ಮಾತು ಇನ್ನೂ ಇದೆ. ಚಿಮಣಿಯ ಅರ್ಜಿ ಏನಾಯಿತು ಎಂದು ವಿಚಾರಿಸಲು ಪ್ರತಿ ತಿಂಗಳ ಮೊದಲ ಸೋಮವಾರ ಕಚೇರಿಗೆ ಹೋಗುತ್ತೇನೆ. ಹೋದ ಸಲ ಜೊತೆಗೆ ಇಬ್ಬರು ಭಟ್ಟಿ ಮಾಲೀಕರೂ ನಾಲ್ಕು ಜನ ಹೆಂಗಸರೂ ಬಂದಿದ್ದರು. ನಿಮ್ಮಲ್ಲಿ ಯಾರಿಗಾದರೂ ಬರಬೇಕು ಎನಿಸಿದರೆ, ಪ್ರಾಂಶುಪಾಲರ ಅನುಮತಿ ಪಡೆದು ಬನ್ನಿ. ಒಂದು ನೋಟ್‌ಬುಕ್ ತನ್ನಿ.